ನೆಲಕ್ಕೆ ಬಣ್ಣ ಕುಡಿಸಿದ ಫ್ರಾಂಕ್ ಲಾಯ್ಡ್ ರೈಟ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಜಗಲಿ ಹಾಳು ಮಾಡಿದ್ವಿ. ನಮ್ಮಲ್ಲೊಬ್ಬನ ಮನೆ ಮುಂದಿನ ಹಳೇ ಸಿಮೆಂಟ್ ಜಗಲಿ ಅದು. ಅವನ ಅಕ್ಕನ ನಿಶ್ಚಿತಾರ್ಥಕ್ಕೆ ಇಪ್ಪತ್ತು ದಿನ ಇತ್ತು, ಟೈಲ್ಸ್ ಹಾಕಿಸೋಷ್ಟು ದುಡ್ಡು ಮನೇಲಿ ಇರಲಿಲ್ಲ. ನೀರಲ್ಲಿ ಕಲಸಿ ಹಚ್ಚೋ ಕಾಂಕ್ರೀಟ್ ಸ್ಟೇನ್ ಇದೆ, ನಾವೇ ಇಟ್ಟಿಗೆ ಕೆಂಪು ಬಣ್ಣ ಹಚ್ಚಿಕೊಡ್ತೀವಿ ಅಂತ ದೊಡ್ಡದಾಗಿ ಹೇಳಿಬಿಟ್ವಿ. ಎಂಜಿನಿಯರಿಂಗ್ ಓದೋರು ಅಲ್ವಾ, ಮನೆಯವರೂ ನಂಬಿದರು.

ಬಣ್ಣ ಹಚ್ಚಿದ್ದೂ ಆಯ್ತು. ಎರಡು ದಿನದ ಮೇಲೆ ನೋಡಿದರೆ ಅರ್ಧ ಕಡೆ ಬಣ್ಣ ಹನಿಹನಿಯಾಗಿ ಒಣಗಿ ನಿಂತಿದೆ, ಇನ್ನರ್ಧ ಓಡಾಡಿದವರ ಪಾದಕ್ಕೆ ಅಂಟಿಕೊಂಡು ನಡುಮನೆ ತನಕ ಹೋಗಿದೆ. ಪಕ್ಕದ ಬೀದಿಯ ಗಾರೆ ಮೇಸ್ತ್ರಿಯೊಬ್ಬರು ಬಂದು ನೋಡಿ, ಏನೂ ಬೈಯಲಿಲ್ಲ. ಬಣ್ಣ ಹಚ್ಚದೇ ಬಿಟ್ಟಿದ್ದ ಮೂಲೆಗೆ ಒಂದು ಚೊಂಬು ನೀರು ಸುರಿದರು. ನೀರು ಇಂಗಲೇ ಇಲ್ಲ, ಹಾಗೇ ಹರಿದು ಅಂಗಳಕ್ಕೆ ಇಳಿಯಿತು. ನೀರನ್ನೇ ಕುಡಿಯದ ನೆಲ ಬಣ್ಣ ಹೇಗೆ ಕುಡಿಯುತ್ತೆ ಅಂತ ಕೇಳಿ ಹೊರಟುಹೋದರು.

ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಓದ್ತಾ ಹೋದಾಗ ನಮಗೆ ಸಿಕ್ಕವರು ಫ್ರಾಂಕ್ ಲಾಯ್ಡ್ ರೈಟ್. ಅಮೆರಿಕದ ಅತಿ ಪ್ರಸಿದ್ಧ ವಾಸ್ತುಶಿಲ್ಪಿ. ನೀರಿನ ಝರಿಯ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯ ಫೋಟೋ ನೀವೆಲ್ಲ ನೋಡಿರ್ತೀರಿ. ಆದರೆ ಸಾಮಾನ್ಯ ಜನರ ಮನೆಯಲ್ಲಿ ಕಾಂಕ್ರೀಟ್ ನೆಲಕ್ಕೇ ಕೆಂಪು ಬಣ್ಣ ಸೇರಿಸಿ, ಅದೇ ಕೊನೆಯ ನೆಲ, ಮೇಲೆ ಇನ್ನೇನೂ ಬೇಡ ಅಂತ ಬಿಟ್ಟವರೂ ಇವರೇ ಅನ್ನೋದು ನಮಗೆ ಗೊತ್ತಿರಲಿಲ್ಲ.

ರೈಟ್ ಹುಟ್ಟಿದ್ದು 1867ರ ಜೂನ್ 8ರಂದು, ವಿಸ್ಕಾನ್ಸಿನ್ ರಾಜ್ಯದ ರಿಚ್‌ಲ್ಯಾಂಡ್ ಸೆಂಟರ್ ಅನ್ನೋ ಊರಲ್ಲಿ. ಮುಂದೆ ಅವರು ತಮ್ಮ ಹುಟ್ಟಿದ ವರ್ಷ 1869 ಅಂತ ಹೇಳಿಕೊಂಡು ಎರಡು ವರ್ಷ ಚಿಕ್ಕವರಾದರು. ತಂದೆ ಸಂಗೀತಗಾರ, ಚರ್ಚಿನ ಬೋಧಕ. ತಾಯಿ ಆನ್ನಾ ಶಾಲಾ ಶಿಕ್ಷಕಿ. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವಸ್ತುಪ್ರದರ್ಶನದಲ್ಲಿ ತಾಯಿ ಫ್ರೋಬೆಲ್ ಮರದ ಆಟಿಕೆಗಳನ್ನು ನೋಡಿ, ಮಗನಿಗೆ ತಂದುಕೊಟ್ಟರು. ಘನ, ಗೋಳ, ಸಿಲಿಂಡರ್ ಇವೇ ಆಟಿಕೆ. ಆ ಆಕಾರಗಳು ಬೆರಳಲ್ಲೇ ಉಳಿದುಬಿಟ್ಟವು ಅಂತ ರೈಟ್ ಕೊನೆತನಕ ನೆನೆಸಿಕೊಳ್ಳುತ್ತಿದ್ದರು.

ಹದಿನಾರನೇ ವಯಸ್ಸಲ್ಲಿ ಅವರು ಇನ್ನೊಂದು ದೃಶ್ಯ ನೋಡಿದರು. 1883ರಲ್ಲಿ ಮ್ಯಾಡಿಸನ್ ನಗರದ ಶಾಸನಸಭೆ ಕಟ್ಟಡಕ್ಕೆ ಹೊಸದಾಗಿ ಕಟ್ಟುತ್ತಿದ್ದ ಭಾಗ ಕುಸಿದುಬಿತ್ತು. ಕೆಲಸ ಮಾಡುತ್ತಿದ್ದ ಹಲವರು ಸತ್ತರು. ಹುಡುಗ ಅಲ್ಲೇ ನಿಂತು ನೋಡಿದ್ದ. ಮುಂದೆ ಆತ್ಮಕಥೆಯಲ್ಲಿ ಅದನ್ನು ಮರೆಯದೆ ಬರೆದರು.

ಈಗ ನಮ್ಮ ಕ್ಯಾಂಪಸ್ಸಿನವರಿಗೆ ಇಷ್ಟವಾಗೋ ಭಾಗ. ತಂದೆ ತಾಯಿ ಬೇರೆಯಾದ ಮೇಲೆ ಮನೆಯಲ್ಲಿ ಕಾಸಿಗೆ ಕಷ್ಟ. ರೈಟ್ ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ 1886ರಲ್ಲಿ ಸೇರಿದರು. ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್ ಒಬ್ಬರ ಕೈಕೆಳಗೆ ಕೆಲಸ ಮಾಡ್ತಾ, ಡ್ರಾಯಿಂಗ್, ಜ್ಯಾಮಿತಿ ಕಲಿತರು. ಡಿಗ್ರಿ ಮುಗಿಸಲಿಲ್ಲ. 1887ರಲ್ಲಿ ಬಿಟ್ಟು ಷಿಕಾಗೋಗೆ ಹೋದರು. ಇದನ್ನು ಓದಿ ನಮ್ಮಲ್ಲಿ ಎರಡು ಬ್ಯಾಕ್ ಇರೋ ಗೆಳೆಯ ತುಂಬಾ ಖುಷಿಪಟ್ಟ. ಅವನಿಗೆ ಹೇಳಬೇಕಾದ್ದು ಇಷ್ಟೇ: ಡಿಗ್ರಿ ಬಿಟ್ಟವರು ಕಲಿಯೋದನ್ನ ಬಿಡಲಿಲ್ಲ. ಆಡ್ಲರ್ ಮತ್ತು ಸಲಿವನ್ ಕಂಪನಿಯಲ್ಲಿ ಲೂಯಿ ಸಲಿವನ್ ಅನ್ನೋ ಗುರುವಿನ ಪಕ್ಕ ಕೂತು ವರ್ಷಗಟ್ಟಲೆ ಗೆರೆ ಎಳೆದರು. ಗುರುವಿನ ಹತ್ತಿರವೇ ಸಾಲ ತೆಗೆದುಕೊಂಡು 1889ರಲ್ಲಿ ಓಕ್ ಪಾರ್ಕ್‌ನಲ್ಲಿ ಮನೆ ಕಟ್ಟಿದರು, ಮದುವೆಯಾದರು. ಆಮೇಲೆ ಗುರುವಿಗೆ ಗೊತ್ತಾಗದ ಹಾಗೆ ಹೊರಗಿನ ಮನೆಗಳ ಕೆಲಸ ಹಿಡಿದು, 1893ರಲ್ಲಿ ಸಿಕ್ಕಿಬಿದ್ದು ಹೊರಬಿದ್ದರು.

ಆ ಕಾಲದಲ್ಲಿ ಕಾಂಕ್ರೀಟ್ ಅಂದರೆ ಫ್ಯಾಕ್ಟರಿಗೆ, ಗೋಡೌನಿಗೆ, ಅಡಿಪಾಯಕ್ಕೆ ಬಳಸೋ ಸಾಮಾನು. ಒಳ್ಳೇ ಕಟ್ಟಡದಲ್ಲಿ ಅದನ್ನು ಕಲ್ಲಿನಿಂದಲೋ ಇಟ್ಟಿಗೆಯಿಂದಲೋ ಮುಚ್ಚಿಬಿಡುತ್ತಿದ್ದರು. 1905ರಲ್ಲಿ ಓಕ್ ಪಾರ್ಕ್‌ನ ಒಂದು ಚರ್ಚು ಸಿಡಿಲು ಬಡಿದು ಸುಟ್ಟುಹೋಯಿತು. ಹೊಸದು ಕಟ್ಟಲು ರೈಟ್‌ರನ್ನು ಕರೆದರು. ದುಡ್ಡು ಕಡಿಮೆ. ರೈಟ್ ಇಡೀ ಕಟ್ಟಡವನ್ನು ಕಾಂಕ್ರೀಟಿನಲ್ಲೇ ಎರಕ ಹೊಯ್ದು, ಹೊರಗೋಡೆಯನ್ನು ಮುಚ್ಚದೆ ಬಿಟ್ಟರು. ಅದೇ ಯೂನಿಟಿ ಟೆಂಪಲ್. ಬಡತನ ಮುಚ್ಚಿಡೋ ಬದಲು ಕೈಯಲ್ಲಿರೋ ಸಾಮಾನನ್ನೇ ಚೆಂದ ಮಾಡೋದು ಹೇಗೆ ಅಂತ ಅವರು ಇಲ್ಲಿಂದ ಯೋಚಿಸತೊಡಗಿದರು ಅಂತ ನಮಗನ್ನಿಸುತ್ತೆ.

ಆಮೇಲಿನ ಹತ್ತು ವರ್ಷ ಹೇಳೋಕೆ ಸಂಕಟವಾಗುತ್ತೆ. 1909ರಲ್ಲಿ ರೈಟ್ ಹೆಂಡತಿ ಮತ್ತು ಆರು ಮಕ್ಕಳನ್ನು ಬಿಟ್ಟು, ತಮ್ಮ ಗಿರಾಕಿಯೊಬ್ಬರ ಹೆಂಡತಿ ಮೇಮಾ ಬೋರ್ತ್‌ವಿಕ್ ಜೊತೆ ಯೂರೋಪಿಗೆ ಹೋದರು. ವಾಪಸ್ ಬಂದು ವಿಸ್ಕಾನ್ಸಿನ್ನಿನಲ್ಲಿ ಟ್ಯಾಲಿಯೆಸಿನ್ ಅನ್ನೋ ಮನೆ ಕಟ್ಟಿದರು. 1914ರ ಆಗಸ್ಟ್ 15ರಂದು ಅವರು ಊರಲ್ಲಿ ಇಲ್ಲದಾಗ ಮನೆಯ ಕೆಲಸದವನೊಬ್ಬ ಬೆಂಕಿ ಹಚ್ಚಿ, ಕೊಡಲಿ ಹಿಡಿದು, ಮೇಮಾ ಮತ್ತು ಆಕೆಯ ಇಬ್ಬರು ಮಕ್ಕಳೂ ಸೇರಿ ಏಳು ಜನರನ್ನು ಕೊಂದ. ರೈಟ್ ಆ ಮನೆಯನ್ನು ಮತ್ತೆ ಕಟ್ಟಿದರು.

ಮುಂದೆ ಟೋಕಿಯೋದಲ್ಲಿ ಇಂಪೀರಿಯಲ್ ಹೋಟೆಲ್ ಕೆಲಸ. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಅದು ಪೆಟ್ಟು ತಿಂದರೂ ನಿಂತಿತು. ಆದರೆ ನಮ್ಮ ಕಥೆಗೆ ಬೇಕಾದ್ದು ಜಪಾನಿನಲ್ಲಿ ಅವರು ಒಂದು ಚಳಿಯ ದಿನ ಕೂತ ಕೊರಿಯನ್ ಶೈಲಿಯ ಕೋಣೆ. ನೆಲದ ಕೆಳಗೆ ಬಿಸಿ ಹರಿಸಿ ಇಡೀ ಕೋಣೆ ಬೆಚ್ಚಗೆ ಇಡೋ ವ್ಯವಸ್ಥೆ. ಅದು ಅವರ ಮನಸ್ಸಲ್ಲಿ ಕೂತುಬಿಟ್ಟಿತು.

ಅದೇ ವರ್ಷಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾಂಕ್ರೀಟಿಗೆ ಬಣ್ಣ ಬರಿಸೋ ಮೊದಲ ದೊಡ್ಡ ಪ್ರಯತ್ನ ಮಾಡಿದರು. ಚಿತ್ತಾರದ ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟ್ ಬ್ಲಾಕ್‌ಗಳಿಂದ ನಾಲ್ಕು ಮನೆ. 1924ರ ಎನ್ನಿಸ್ ಮನೆಯಲ್ಲಿ ಬ್ಲಾಕು ಗುಡ್ಡದ ಬಣ್ಣಕ್ಕೇ ಹೊಂದಲಿ ಅಂತ ಅಲ್ಲೇ ಅಗೆದ ಗ್ರಾನೈಟ್ ಪುಡಿಯನ್ನು ಸಿಮೆಂಟಿಗೆ ಬೆರೆಸಿದರು. ಬಣ್ಣ ಬಂತು. ಆದರೆ ಆ ಪುಡಿಯಲ್ಲಿದ್ದ ಕಶ್ಮಲ ಬ್ಲಾಕಿನ ಬಲ ತಿಂದಿತು. ಕೆಲವೇ ವರ್ಷಗಳಲ್ಲಿ ಬ್ಲಾಕುಗಳು ಬಿರುಕುಬಿಟ್ಟು ಉದುರೋಕೆ ಶುರುವಾದವು. ಬಣ್ಣ ಒಳಗಡೆ ಇರಬೇಕು ಅನ್ನೋ ಯೋಚನೆ ಸರಿ ಇತ್ತು, ಬಣ್ಣಕ್ಕೆ ಅಂತ ಬೆರೆಸಿದ ಸಾಮಾನು ತಪ್ಪಾಗಿತ್ತು.

1929ರ ನಂತರ ಅಮೆರಿಕದಲ್ಲಿ ಆರ್ಥಿಕ ಕುಸಿತ. ರೈಟ್‌ಗೆ ಕೆಲಸವೇ ಇಲ್ಲ, ಸಾಲ ಬೇರೆ. ಅರವತ್ತು ದಾಟಿದ್ದರು, ಅವರ ಕಾಲ ಮುಗೀತು ಅಂತ ಎಲ್ಲರೂ ಅಂದುಕೊಂಡರು. 1932ರಲ್ಲಿ ಹೆಂಡತಿ ಓಲ್ಗಿವಾನ್ನಾ ಜೊತೆ ಟ್ಯಾಲಿಯೆಸಿನ್‌ನಲ್ಲಿ ಗುರುಕುಲದಂಥ ಶಾಲೆ ತೆರೆದರು. ವಿದ್ಯಾರ್ಥಿಗಳು ಫೀಸೂ ಕಟ್ಟಬೇಕು, ಹೊಲದಲ್ಲೂ ಅಡುಗೆಮನೆಯಲ್ಲೂ ದುಡಿಯಬೇಕು. ನಮ್ಮ ಹಾಸ್ಟೆಲ್ ಫೀಸೇ ವಾಸಿ ಅನ್ನಿಸ್ತು.

ಆ ಕಷ್ಟಕಾಲದಲ್ಲೇ ಹರ್ಬರ್ಟ್ ಜೇಕಬ್ಸ್ ಅನ್ನೋ ಯುವ ಪತ್ರಕರ್ತ, ಹೆಂಡತಿ ಕ್ಯಾಥರೀನ್ ಜೊತೆ ಬಂದು, ಕಡಿಮೆ ದುಡ್ಡಿನಲ್ಲಿ ಒಳ್ಳೇ ಮನೆ ಮಾಡಿಕೊಡ್ತೀರಾ ಅಂತ ಕೇಳಿದ. ರೈಟ್ ಒಪ್ಪಿಕೊಂಡರು. 1937ರಲ್ಲಿ ಮ್ಯಾಡಿಸನ್ನಿನಲ್ಲಿ ಮುಗಿದ ಆ ಮನೆಗೆ ರೈಟ್ ಫೀಸೂ ಸೇರಿ ಸುಮಾರು 5,500 ಡಾಲರ್ ಖರ್ಚು. ಖರ್ಚು ಉಳಿಸಿದ್ದು ಹೇಗೆ? ನೆಲಮಾಳಿಗೆ ಇಲ್ಲ, ಅಟ್ಟ ಇಲ್ಲ. ಜಲ್ಲಿ ಹಾಸಿ, ಅದರಲ್ಲಿ ಬಿಸಿಯ ಪೈಪು ಮಲಗಿಸಿ, ಮೇಲೆ ನೇರವಾಗಿ ಕಾಂಕ್ರೀಟ್ ಹಾಸು. ಜಪಾನಿನಲ್ಲಿ ಕೂತಿದ್ದ ಆ ಬೆಚ್ಚನೆ ಕೋಣೆಯೇ ಇಲ್ಲಿ ಬೇರೆ ರೂಪದಲ್ಲಿ ಬಂತು.

ಈಗ ಯೋಚನೆ ಮಾಡಿ. ಬಿಸಿ ನೆಲದ ಮೂಲಕ ಮೇಲೆ ಬರಬೇಕು. ಮೇಲೆ ದಪ್ಪ ಕಾರ್ಪೆಟ್ಟೋ ಮರದ ಹಲಗೆಯೋ ಹಾಕಿದರೆ ಬಿಸಿ ತಡೆಯುತ್ತೆ, ಖರ್ಚೂ ಜಾಸ್ತಿ. ಹಾಗಾಗಿ ಕಾಂಕ್ರೀಟೇ ನೆಲ ಆಗಬೇಕು. ಆದರೆ ಬೂದು ಬಣ್ಣದ ನೆಲದ ಮೇಲೆ ಸಂಸಾರ ಮಾಡೋದು ಗೋಡೌನಲ್ಲಿ ಇದ್ದ ಹಾಗೆ. ಅದಕ್ಕೇ ರೈಟ್ ನೆಲವನ್ನು ಕೆಂಪು ಮಾಡಿ, ಮೇಣ ಹಚ್ಚಿ ಹೊಳಪು ಕೊಡಿಸಿದರು. ಈ ಕೆಂಪಿಗೆ ಚೆರೋಕೀ ರೆಡ್ ಅಂತ ಹೆಸರು. ಅವರ ಸಹಿಯ ಜೊತೆ ಹಾಕುತ್ತಿದ್ದ ಚೌಕಕ್ಕೂ ಇದೇ ಕೆಂಪು.

ಕೆಂಪೇ ಯಾಕೆ ಅನ್ನೋದಕ್ಕೆ ಅವರ ಇಷ್ಟ ಒಂದು ಕಾರಣವಾದರೆ, ಕೆಮಿಸ್ಟ್ರಿಯೂ ಅದರ ಪರವಾಗೇ ಇದೆ. ಹೊಸ ಸಿಮೆಂಟಿನ ಪಿಎಚ್ 12ರ ಮೇಲೆ, ಅಂದರೆ ಸಖತ್ ಕ್ಷಾರ. ಸಾಧಾರಣ ಬಟ್ಟೆ ಬಣ್ಣ ಅದರಲ್ಲಿ ಉಳಿಯಲ್ಲ. ಕೆಂಪು ಐರನ್ ಆಕ್ಸೈಡ್ ಕ್ಷಾರಕ್ಕೂ ಬಗ್ಗಲ್ಲ, ಬಿಸಿಲಿಗೂ ಮಾಸಲ್ಲ. ನಮ್ಮ ಅಜ್ಜ ಅಜ್ಜಿಯರ ಮನೆಗಳ ರೆಡ್ ಆಕ್ಸೈಡ್ ನೆಲ ನೆನಪಿದೆ ತಾನೆ? ಸಿಮೆಂಟಿಗೆ ಕೆಂಪು ಪುಡಿ ಕಲಸಿ, ಹಸಿಯಿದ್ದಾಗಲೇ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿದ ನೆಲ. ರೈಟ್‌ಗೂ ನಮ್ಮ ಮೇಸ್ತ್ರಿಗಳಿಗೂ ಯಾವ ಪರಿಚಯವೂ ಇಲ್ಲ, ಆದರೆ ಇಬ್ಬರಿಗೂ ದಾರಿ ತೋರಿಸಿದ್ದು ಒಂದೇ ಆಕ್ಸೈಡ್.

ಅದೇ ಹೊತ್ತಿನಲ್ಲಿ ರೈಟ್ ರೇಸೀನ್ ಊರಲ್ಲಿ ಜಾನ್ಸನ್ ಕಂಪನಿಯ ಕಚೇರಿ ಕಟ್ಟುತ್ತಿದ್ದರು. ಅದು ನೆಲಕ್ಕೆ ಹಚ್ಚೋ ಮೇಣ ಮಾಡೋ ಕಂಪನಿ! ಅಲ್ಲೂ ಬೆಚ್ಚನೆಯ ಕೆಂಪು ನೆಲ. ಆ ಕಚೇರಿಯ ಕಂಬಗಳು ಬುಡದಲ್ಲಿ ಸುಮಾರು 23 ಸೆಂಟಿಮೀಟರ್ ಮಾತ್ರ, ಮೇಲೆ ಹೋಗ್ತಾ ಕೊಡೆ ಥರ ಅರಳುತ್ತವೆ. ಅಧಿಕಾರಿಗಳು ನಂಬಲಿಲ್ಲ. ಒಂದು ಕಂಬ 12 ಟನ್ ಹೊರಬೇಕು ಅಂದರು. 1937ರಲ್ಲಿ ಎಲ್ಲರೆದುರು ಒಂದು ಕಂಬದ ಮೇಲೆ ಮರಳು, ಕಬ್ಬಿಣ ಹೇರುತ್ತಾ ಹೋದರು. 60 ಟನ್ ತನಕ ಹೊತ್ತಿತು. ಚಾವಣಿ ಮಾತ್ರ ಮಳೆಗೆ ಸೋರಿತು.

ಫಾಲಿಂಗ್‌ವಾಟರ್ ಕಥೆ ಇದಕ್ಕೆ ಉಲ್ಟಾ. 1935ರಲ್ಲಿ ಎಡ್ಗರ್ ಕಾಫ್‌ಮನ್ ಅವರಿಗೆ ರೂಪಿಸಿದ ಈ ಮನೆಯ ಕಾಂಕ್ರೀಟ್ ಜಗಲಿಗಳು ಝರಿಯ ಮೇಲೆ ಚಾಚಿಕೊಂಡಿವೆ. ಅವಕ್ಕೆ ರೈಟ್ ಚಿನ್ನದ ತಗಡು ಅಂಟಿಸಬೇಕು ಅಂದರು. ಕಾಫ್‌ಮನ್ ಒಪ್ಪಲಿಲ್ಲ, ಕೊನೆಗೆ ತಿಳಿ ಕಾವಿ ಹಳದಿ ಬಣ್ಣ ಬಂತು. ಆದರೆ ನಿಜವಾದ ಜಗಳ ಒಳಗಿನ ಸರಳಿನ ಬಗ್ಗೆ. ಕಂಬಿ ಸಾಲದು ಅಂತ ಕಾಫ್‌ಮನ್ ಕಡೆಯ ಎಂಜಿನಿಯರುಗಳು ಹೆಚ್ಚು ಕಂಬಿ ಸೇರಿಸಿದರು. ರೈಟ್‌ಗೆ ಸಿಟ್ಟು ಬಂದು, ಕೆಲಸವನ್ನೇ ಬಿಡ್ತೀನಿ ಅಂದರು. ಮುಂದೆ ಏನಾಯ್ತು ಗೊತ್ತಾ? ಆ ಹೆಚ್ಚಿನ ಕಂಬಿ ಇದ್ದೂ ಜಗಲಿಗಳು ಬಾಗಿದವು, ಕೆಲವೆಡೆ 18 ಸೆಂಟಿಮೀಟರ್ ತನಕ. 2002ರಲ್ಲಿ ಉಕ್ಕಿನ ಕೇಬಲ್ ಎಳೆದು ಬಿಗಿದು ಅದನ್ನು ಉಳಿಸಿಕೊಳ್ಳಬೇಕಾಯ್ತು. ಕುಸಿದ ಕಟ್ಟಡ ಕಣ್ಣಾರೆ ಕಂಡಿದ್ದ ಹುಡುಗ, ದೊಡ್ಡವನಾದ ಮೇಲೆ ಎಂಜಿನಿಯರುಗಳ ಲೆಕ್ಕ ಕೇಳಲಿಲ್ಲ. ರೈಟ್‌ರ ಮೇಲೆ ನಮಗಿರೋ ದೊಡ್ಡ ತಕರಾರು ಇದೇ.

ಕೊನೆತನಕ ಕೆಲಸ ನಿಲ್ಲಿಸಲಿಲ್ಲ. ಬಿಟ್ಟುಬಂದಿದ್ದ ವಿಶ್ವವಿದ್ಯಾಲಯವೇ 1955ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1959ರ ಏಪ್ರಿಲ್ 9ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಹದಿನಾರು ವರ್ಷ ಹೆಣಗಿದ್ದ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಬಾಗಿಲು ತೆರೆದದ್ದು ಅದೇ ಅಕ್ಟೋಬರಿನಲ್ಲಿ. 2019ರಲ್ಲಿ ಯುನೆಸ್ಕೋ ಅವರ ಎಂಟು ಕಟ್ಟಡಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಫಾಲಿಂಗ್‌ವಾಟರ್, ಗುಗೆನ್‌ಹೈಮ್ ಜೊತೆಗೆ ಪತ್ರಕರ್ತನ ಆ ಸಣ್ಣ ಮನೆಯೂ ಅದರಲ್ಲಿದೆ.

ಇನ್ನು ನಮ್ಮ ಜಗಲಿ. ರೈಟ್ ಥರ ಹಸಿ ಕಾಂಕ್ರೀಟಿಗೆ ಬಣ್ಣ ಸೇರಿಸೋ ಅವಕಾಶ ನಮಗಿರಲಿಲ್ಲ, ಅದು ಗಟ್ಟಿಯಾಗಿ ಎಷ್ಟೋ ವರ್ಷ ಆಗಿತ್ತು. ಗಟ್ಟಿಯಾದ ಕಾಂಕ್ರೀಟಲ್ಲಿ ಬಣ್ಣ ಇಳಿಯೋಕೆ ಇರೋ ದಾರಿ ಅದರ ಸಣ್ಣ ಸಣ್ಣ ರಂಧ್ರ ಮಾತ್ರ. ವರ್ಷಗಟ್ಟಲೆ ಹಚ್ಚಿದ್ದ ಎಣ್ಣೆ, ಸೋಪಿನ ಜಿಡ್ಡು ಆ ಬಾಯಿಗಳನ್ನೆಲ್ಲ ಮುಚ್ಚಿತ್ತು. ಜಿಡ್ಡು ಬಿಡಿಸೋ ಸೋಪಿನ ನೀರು ಹಾಕಿ ಮೂರು ಸಲ ಉಜ್ಜಿದ್ವಿ, ಮಾಸ್ಕ್ ಕಟ್ಟಿಕೊಂಡು ಸ್ಯಾಂಡ್‌ಪೇಪರ್ ಹಿಡಿದ್ವಿ, ತೊಳೆದು ಒಣಗಿಸಿದ್ವಿ. ಮೇಸ್ತ್ರಿ ಮಾಡಿದ ಹಾಗೇ ನೀರು ಸುರಿದು ನೋಡಿದ್ವಿ. ಈ ಸಲ ನೆಲ ನೀರು ಕುಡಿದು ಕಪ್ಪಾಯ್ತು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ, ಆಮೇಲೆ ತೆಳುವಾಗಿ ಎರಡು ಕೋಟ್, ಪೂರ್ತಿ ಒಣಗಿದ ಮೇಲೆ ಸೀಲರ್.

ಬಣ್ಣ ಒಂದೇ ಸಮ ಬಂದಿಲ್ಲ. ಸ್ಟೇನ್ ಪೇಂಟ್ ಥರ ಮುಚ್ಚಲ್ಲ, ಹಳೇ ಬಿರುಕು, ಬಾಗಿಲ ಪಕ್ಕದ ಎಣ್ಣೆ ಕಲೆ ಎಲ್ಲಾ ಕಾಣಿಸುತ್ತೆ. ನಿಶ್ಚಿತಾರ್ಥದ ದಿನ ಜಗಲಿ ತುಂಬಾ ಜನ ಓಡಾಡಿದರು. ಸಂಜೆ ನಾವು ಮೊದಲು ನೋಡಿದ್ದು ಫೋಟೋ ಅಲ್ಲ, ನಡುಮನೆ ನೆಲ. ಒಂದೂ ಕೆಂಪು ಹೆಜ್ಜೆ ಇರಲಿಲ್ಲ.