ಜೊನಾಥನ್ ಸ್ವಿಫ್ಟ್: ಲೆಕ್ಕದ ಭಾಷೆಯಲ್ಲಿ ಬರೆದ ಸಿಟ್ಟು

ಜೊನಾಥನ್ ಸ್ವಿಫ್ಟ್ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1667ರ ನವೆಂಬರ್ 30ರಂದು ಜನಿಸಿದರು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ದೊಡ್ಡಪ್ಪನ ನೆರವಿನಿಂದ ಓದಿ ಟ್ರಿನಿಟಿ ಕಾಲೇಜಿನ ಪದವೀಧರರಾದರು, ಮುಂದೆ ಪಾದ್ರಿಯಾದರು. ಇಂಗ್ಲೆಂಡಿನಲ್ಲಿ ಉನ್ನತ ಹುದ್ದೆ ಬಯಸಿದ್ದ ಅವರಿಗೆ 1713ರಲ್ಲಿ ದೊರೆತದ್ದು ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್ ಸ್ಥಾನ.

ಐರ್ಲೆಂಡ್ ಆಗ ಇಂಗ್ಲೆಂಡಿನ ಹಿಡಿತದಲ್ಲಿತ್ತು. ಅನೇಕ ಜಮೀನುದಾರರು ಇಂಗ್ಲೆಂಡಿನಲ್ಲಿದ್ದುಕೊಂಡೇ ಗೇಣಿ ತರಿಸಿಕೊಳ್ಳುತ್ತಿದ್ದರು. ಉಣ್ಣೆ ಬಟ್ಟೆಯ ರಫ್ತಿಗೆ ಕಾನೂನಿನ ತಡೆಯಿತ್ತು. 1724ರಲ್ಲಿ, ವಿಲಿಯಂ ವುಡ್ ಎಂಬ ಇಂಗ್ಲಿಷ್ ವ್ಯಾಪಾರಿ ಟಂಕಿಸಿದ ತಾಮ್ರದ ನಾಣ್ಯಗಳನ್ನು ವಿರೋಧಿಸಿ ಸ್ವಿಫ್ಟ್ ಬಟ್ಟೆ ವ್ಯಾಪಾರಿಯ ಸೋಗಿನಲ್ಲಿ ಪತ್ರಗಳನ್ನು ಪ್ರಕಟಿಸಿದರು. ಬರೆದವರನ್ನು ಹಿಡಿದುಕೊಟ್ಟವರಿಗೆ ಸರ್ಕಾರ 300 ಪೌಂಡ್ ಬಹುಮಾನ ಸಾರಿತು. ಅವರು ಯಾರೆಂದು ಡಬ್ಲಿನ್ನಿಗೆ ಗೊತ್ತಿದ್ದರೂ ಯಾರೂ ಬಾಯಿಬಿಡಲಿಲ್ಲ. 1725ರಲ್ಲಿ ನಾಣ್ಯದ ಯೋಜನೆ ರದ್ದಾಯಿತು. ಮರುವರ್ಷ ‘ಗಲಿವರನ ಪ್ರವಾಸಗಳು’ ಹೊರಬಂತು.

1720ರ ದಶಕದ ಕೊನೆಯಲ್ಲಿ ಬೆಳೆ ಕೈಕೊಟ್ಟು ಹಸಿವು ಹರಡಿತು. ಬಡವರನ್ನು ಕೇವಲ ಅಂಕಿಗಳಾಗಿ ಕಾಣುವ ಯೋಜನೆಗಳು ಮುದ್ರಣವಾಗುತ್ತಿದ್ದವು. 1729ರಲ್ಲಿ ಸ್ವಿಫ್ಟ್ ಅದೇ ಧಾಟಿಯಲ್ಲಿ ‘ಎ ಮಾಡೆಸ್ಟ್ ಪ್ರಪೋಸಲ್’ ಬರೆದರು. ಅದರಲ್ಲಿ ಮಾತಾಡುವವನು ಒಬ್ಬ ಸಭ್ಯ ಲೆಕ್ಕಿಗ. ವರ್ಷಕ್ಕೆ ಹುಟ್ಟುವ 1,20,000 ಬಡ ಕೂಸುಗಳಲ್ಲಿ 1,00,000 ಕೂಸುಗಳನ್ನು ಒಂದು ವರ್ಷ ತುಂಬಿದಾಗ ಶ್ರೀಮಂತರ ಊಟಕ್ಕೆ ಮಾರಬೇಕೆಂದು ಅವನು ಶಾಂತವಾಗಿ ಸೂಚಿಸುತ್ತಾನೆ. ಕೊನೆಯಲ್ಲಿ ಬೇರೆ ಪರಿಹಾರಗಳನ್ನು ತಳ್ಳಿಹಾಕುತ್ತಾನೆ: ದೇಶದಲ್ಲಿಲ್ಲದ ಜಮೀನುದಾರರಿಗೆ ತೆರಿಗೆ, ಸ್ವದೇಶಿ ವಸ್ತುಗಳ ಬಳಕೆ, ಗೇಣಿದಾರರ ಮೇಲೆ ಕನಿಕರ. ಅವೇ ಸ್ವಿಫ್ಟ್‌ರ ನಿಜವಾದ ಬೇಡಿಕೆಗಳು.

ಅವರು ತಮ್ಮ ಹಣದಿಂದ ಬಡ ಕಸುಬುದಾರರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದರು. ಆದರೆ 1737ರಲ್ಲಿ, ಡಬ್ಲಿನ್ನಿನ ಭಿಕ್ಷುಕರಿಗೆ ಗುರುತಿನ ಬಿಲ್ಲೆ ತೊಡಿಸಿ, ಹೊರಗಿನಿಂದ ಬಂದವರನ್ನು ಓಡಿಸಬೇಕೆಂದು ವ್ಯಂಗ್ಯವಿಲ್ಲದೆಯೇ ವಾದಿಸಿದವರೂ ಅವರೇ. ತರಗತಿಯಲ್ಲಿ ಇದನ್ನು ಮುಚ್ಚಿಡಬಾರದು. 1745ರ ಅಕ್ಟೋಬರ್ 19ರಂದು ಅವರು ನಿಧನರಾದರು. ಅವರು ಬಿಟ್ಟುಹೋದ ಹಣದಿಂದ ಡಬ್ಲಿನ್ನಿನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಸ್ಥಾಪನೆಯಾಯಿತು.

ಬೋಧನಾಭ್ಯಾಸದಲ್ಲಿ ಈ ಬರಹವನ್ನು ಎತ್ತಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ‘ವಿಡಂಬನೆ’ಯ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಲಿ: ಇಲ್ಲಿ ಮಾತಾಡುತ್ತಿರುವವರು ಯಾರು? ಅವರು ಬೇಡವೆಂದದ್ದು ಏನನ್ನು? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ, ಮಕ್ಕಳನ್ನು ತಿನ್ನುವ ಮಾತು ಕ್ರೌರ್ಯವೂ ಅಲ್ಲ, ಬರೀ ತಮಾಷೆಯೂ ಅಲ್ಲ, ಆಳುವವರ ಮೇಲಿನ ಆರೋಪಪಟ್ಟಿ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.