ಕಿರುರೈಲ್ವೆಯ ಹಿರಿಯ ಸಂಪಾದಕ ಲಿನ್ ವೆಸ್ಟ್‌ಕಾಟ್

ಪುಣೆಯಲ್ಲಿರುವ ಜೋಶಿಯವರ ಕಿರುರೈಲ್ವೆ ವಸ್ತುಸಂಗ್ರಹಾಲಯವನ್ನು ಕಂಡ ವಾಚಕರು, ಮೇಜಿನ ಮೇಲೆ ಓಡುವ ರೈಲುಗಳನ್ನು ಕೇವಲ ಮಕ್ಕಳ ಆಟವೆಂದು ತಳ್ಳಿಹಾಕಲಾರರು. ನಿಜವಾದ ರೈಲ್ವೆಯನ್ನು ಅಳತೆ ತಪ್ಪದಂತೆ ಕಿರಿದುಗೊಳಿಸಿ ಕಟ್ಟುವ ಈ ಹವ್ಯಾಸಕ್ಕೆ ಅಮೆರಿಕೆಯಲ್ಲಿ ತನ್ನದೇ ಆದ ಪತ್ರಿಕಾ ಪರಂಪರೆಯುಂಟು. ಆ ಪರಂಪರೆಯಲ್ಲಿ ಅಗ್ರಗಣ್ಯರಾದ ಲಿನ್ ವೆಸ್ಟ್‌ಕಾಟರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬಯಸುತ್ತೇವೆ.

ವೆಸ್ಟ್‌ಕಾಟರು ಜನಿಸಿದುದು 1913ರಲ್ಲಿ. ಅವರು ತಾರುಣ್ಯಕ್ಕೆ ಕಾಲಿಡುವ ವೇಳೆಗೆ ಅಮೆರಿಕೆಯನ್ನು ಆರ್ಥಿಕ ಮುಗ್ಗಟ್ಟು ಆವರಿಸಿತ್ತು. ಅಂಥ ದುರ್ದಿನಗಳಲ್ಲಿಯೇ, 1934ರ ಜನವರಿಯಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಿಂದ ಆಲ್ ಕಾಲ್ಮ್‌ಬಾಕ್ ಎಂಬವರು ‘ಮಾಡೆಲ್ ರೈಲ್‌ರೋಡರ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮರುವರ್ಷ ಅದೇ ನಗರದಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘವೂ ಸ್ಥಾಪಿತವಾಯಿತು. ಆ ದಶಕದಲ್ಲಿಯೇ ಪತ್ರಿಕೆಯ ಬಳಗವನ್ನು ಸೇರಿದ ವೆಸ್ಟ್‌ಕಾಟರು 1961ರಲ್ಲಿ ಅದರ ಸಂಪಾದಕರಾಗಿ, 1977ರವರೆಗೆ ಆ ಹೊಣೆಯನ್ನು ಹೊತ್ತರು.

ಇತರರ ಲೇಖನಗಳನ್ನು ತಿದ್ದುವುದಷ್ಟೇ ಸಂಪಾದಕನ ಕೆಲಸವೆಂದು ಅವರು ಬಗೆಯಲಿಲ್ಲ. ಹವ್ಯಾಸಿಯು ಎಲ್ಲಿ ಎಡವುತ್ತಾನೆಂಬುದನ್ನು ಅರಿತು, ಉಪಾಯವನ್ನು ತಾವೇ ಹುಡುಕಿ, ಚಿತ್ರಸಹಿತವಾಗಿ ತಿಳಿಯಹೇಳುತ್ತಿದ್ದರು. ಹಳೆಯ ವಿದ್ಯುನ್ನಿಯಂತ್ರಕಗಳಲ್ಲಿ ಪುಟ್ಟ ಎಂಜಿನು ಒಮ್ಮೆಗೇ ನೆಗೆದು ಹೊರಡುತ್ತಿತ್ತು. ವೆಸ್ಟ್‌ಕಾಟರು ಟ್ರಾನ್ಸಿಸ್ಟರನ್ನು ಬಳಸಿ, ಭಾರವಾದ ನಿಜ ರೈಲಿನಂತೆ ಮೆಲ್ಲನೆ ಹೊರಟು ಮೆಲ್ಲನೆ ನಿಲ್ಲುವ ವ್ಯವಸ್ಥೆಯನ್ನು ರೂಪಿಸಿದರು.

ಬೆಟ್ಟಗುಡ್ಡಗಳ ರಚನೆಯಲ್ಲಿಯೂ ಅವರು ಹೊಸ ದಾರಿ ತೋರಿಸಿದರು. ಮೊದಲು ತಂತಿಬಲೆಯ ಮೇಲೆ ದಪ್ಪನಾಗಿ ಪ್ಲಾಸ್ಟರು ಮೆತ್ತುವ ರೂಢಿಯಿತ್ತು. ಅದು ಭಾರವೂ ಶ್ರಮದಾಯಕವೂ ಆಗಿತ್ತು. ಅವರ ವಿಧಾನದಲ್ಲಿ ಮುದ್ದೆಮಾಡಿದ ಹಳೆಯ ವೃತ್ತಪತ್ರಿಕೆಗಳ ಮೇಲೆ, ಗಟ್ಟಿ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಟವೆಲುಗಳನ್ನು ಹಾಸಿದರೆ ಸಾಕು. ಒಣಗಿದ ಮೇಲೆ ಒಳಗಿನ ಪತ್ರಿಕೆಗಳನ್ನು ತೆಗೆದುಹಾಕಿದರೂ, ತೆಳುವಾದ ಚಿಪ್ಪು ತನ್ನ ಬಲದಿಂದಲೇ ನಿಲ್ಲುತ್ತದೆ.

ಆದರೆ ಅವರ ಅತಿಶ್ರೇಷ್ಠ ಕಾಣಿಕೆ ಹಳಿಗಳ ಕೆಳಗಣ ಮರದ ಚೌಕಟ್ಟು ಎಂಬುದು ನಮ್ಮ ಅಭಿಪ್ರಾಯ. ಎರಡು ಪಟ್ಟಿಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರಕ್ಕೆ ಜೋಡಿಸಿ ತೊಲೆಮಾಡಿ, ಅದರ ಮೇಲೆ ಅಡ್ಡಪಟ್ಟಿಗಳನ್ನಿರಿಸಿ, ತಿರುಪುಮೊಳೆಗಳನ್ನು ಕೆಳಗಿನಿಂದ ಬಿಗಿಯುವುದು ಇದರ ಗುಟ್ಟು. ಅಡ್ಡಪಟ್ಟಿಗಳನ್ನು ನಿಖರವಾಗಿ ಕೊಯ್ಯಬೇಕಾಗಿಲ್ಲ. ಮುಂದೆ ಹಳಿಯ ದಾರಿಯನ್ನು ಬದಲಿಸಬೇಕೆನಿಸಿದರೆ ಮೇಲೆ ಕಟ್ಟಿದುದನ್ನೆಲ್ಲ ಕೆಡವದೆ, ಕೆಳಗಿನಿಂದಲೇ ತಿರುಪುಗಳನ್ನು ಸಡಿಲಿಸಿ ಪಟ್ಟಿಯನ್ನು ಸರಿಸಬಹುದು. ಬಡಗಿತನ ಬಾರದವನಿಗೂ ಇದರಿಂದ ಧೈರ್ಯ ಬಂದಿತು. ಅವರ ನೂರೊಂದು ಹಳಿನಕ್ಷೆಗಳ ಪುಸ್ತಕವು 1956ರಲ್ಲಿ ಹೊರಬಂದು, ದಶಕಗಳ ಕಾಲ ಹವ್ಯಾಸಿಗಳ ಕೈಪಿಡಿಯಾಗಿ ಉಳಿಯಿತು.

ಅವರ ಬಾಳಿನ ಕೊನೆಯ ಅಧ್ಯಾಯ ಮನಕರಗಿಸುವಂಥದು. ಕ್ಯಾಲಿಫೋರ್ನಿಯದ ಮಾಂಟರೆಯಲ್ಲಿದ್ದ ಜಾನ್ ಅಲೆನ್ ಎಂಬ ಛಾಯಾಚಿತ್ರಗಾರರು ತಮ್ಮ ಮನೆಯಲ್ಲಿ ಅದ್ಭುತವಾದ ಕಿರುರೈಲ್ವೆಯೊಂದನ್ನು ನಿರ್ಮಿಸಿದ್ದರು. ನೆಲದಿಂದ ಮಾಡಿನವರೆಗೆ ಬೆಳೆದ ಪರ್ವತಗಳು ಅದರಲ್ಲಿದ್ದವು. ಅದರ ಚಿತ್ರಗಳು ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಮೂಲಕ ಮನೆಮಾತಾಗಿದ್ದವು. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಅನಂತರ ಕೆಲವೇ ದಿನಗಳಲ್ಲಿ ಬೆಂಕಿ ತಗುಲಿ, ವರ್ಷಗಟ್ಟಲೆ ದುಡಿದು ಕಟ್ಟಿದ ಆ ಪರ್ವತಸೀಮೆ ನಾಶವಾಯಿತು. ಉಳಿದವು ಛಾಯಾಚಿತ್ರಗಳು, ಲೇಖನಗಳು, ಕಂಡವರ ನೆನಪುಗಳು ಮಾತ್ರ.

ಅವುಗಳನ್ನೆಲ್ಲ ಒಂದುಗೂಡಿಸುವ ಕಾರ್ಯಕ್ಕೆ ವೆಸ್ಟ್‌ಕಾಟರು ಕೈಹಚ್ಚಿದರು. ಅಲೆನ್‌ರ ಜೀವನವನ್ನೂ ಅವರ ಕಲೆಯನ್ನೂ ಕುರಿತು ದೊಡ್ಡ ಗ್ರಂಥವನ್ನು ಬರೆದರು. ಅದು ಪ್ರಕಟವಾದುದು 1981ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ. ಹಿಂದಿನ ವರ್ಷವೇ, 1980ರಲ್ಲಿ, ಅವರು ಕಾಲವಶರಾಗಿದ್ದರು.

ಸಂಪಾದಕನ ಹೆಸರು ಬಹುಬೇಗ ಮರೆಯಾಗುವುದು ಲೋಕದ ರೂಢಿ. ಆದರೆ ಬೆಂಕಿಗೆ ಆಹುತಿಯಾದ ಒಬ್ಬ ಕಲಾವಿದನ ಸೃಷ್ಟಿಯನ್ನು ಇಂದಿನವರು ಕಾಗದದ ಮೇಲಾದರೂ ಕಾಣುವಂತಾದುದು ಇಂಥವರ ನಿಷ್ಠೆಯಿಂದ. ತನ್ನ ವಿದ್ಯೆಯನ್ನು ಬಚ್ಚಿಡದೆ ಹಂಚಿದ, ಮತ್ತೊಬ್ಬನ ಸಾಧನೆಯನ್ನು ತನ್ನದಕ್ಕಿಂತ ಹೆಚ್ಚಾಗಿ ಕಾಪಾಡಿದ ಈ ಹಿರಿಯರನ್ನು ನಾವು ಗೌರವದಿಂದ ನೆನೆಯುತ್ತೇವೆ.