ಎರಡೂ ಕಡೆಯವರು ಅನುಮಾನಿಸಿದ ಪಂಚ: ಜನರಲ್ ತಿಮ್ಮಯ್ಯ

ಸಂಘಕ್ಕೆ 25 ವರ್ಷ ತುಂಬಿದ ಈ ಸ್ಮರಣ ಸಂಚಿಕೆಯಲ್ಲಿ ಒಬ್ಬ ಸೇನಾಧಿಕಾರಿಯ ಚರಿತ್ರೆ ಯಾಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣ ಐತಿ. ಕಮಲಾಪುರದ ಕಡೆ ಹೊಲದ ಬದುವಿನ ಜಗಳ ಹುಟ್ಟಿದರೆ ಕಲಬುರಗಿ ಕೋರ್ಟಿಗೆ ಅಲೆಯುವ ಮೊದಲು ಪಂಚರನ್ನು ಕೂಡಿಸುವುದು ರೂಢಿ. ಪಂಚನಾದವನ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಇವ ಅವರ ಮಂದಿ ಅಂತ ಇವರು, ಇವರ ಮನಿ ಉಂಡಾನ ಅಂತ ಅವರು. ಇಂಥ ಪಂಚಾಯ್ತಿಯನ್ನು ನಮ್ಮ ಕರ್ನಾಟಕದ ಒಬ್ಬರು ಎರಡು ಸಲ ಪರದೇಶದಲ್ಲಿ ಮಾಡಿದರು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದರು. ಕೂನೂರು, ಬೆಂಗಳೂರು, ಡೆಹರಾಡೂನಿನಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ನಮ್ಮ ಭಾಗದವರಿಗೆ ಒಂದು ಕುತೂಹಲದ ಸಂಗತಿ: ಅವರು ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟ್. ನಿಜಾಮರ ಖರ್ಚಿನಲ್ಲಿ ಬ್ರಿಟಿಷರು ಕಟ್ಟಿದ ಹಳೆಯ ಪಡೆಯಿಂದ ಬಂದ ಹೆಸರು ಅದು. 1945ರಲ್ಲಿ ಅದಕ್ಕೆ ಕುಮಾವೂನ್ ರೆಜಿಮೆಂಟ್ ಎಂದು ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿ ಡಿ.ಎಸ್.ಓ. ಪದಕ ಗಳಿಸಿದರು.

1947ರ ಆಗಸ್ಟಿನಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನ ಗಡಿಯಲ್ಲಿ ಶಾಂತಿ ಕಾಯಲು ಒಂದು ಪಡೆ ಮಾಡಿದರು. ಅದಕ್ಕೆ ಸಲಹೆಗಾರರಾದವರಲ್ಲಿ ಒಬ್ಬರು ತಿಮ್ಮಯ್ಯ, ಇನ್ನೊಬ್ಬರು ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಅಯೂಬ್ ಖಾನ್. ಸಿಪಾಯಿಗಳು ತಮ್ಮ ತಮ್ಮ ಧರ್ಮದವರ ಕಡೆ ವಾಲುತ್ತಾರೆಂಬ ಗುಮಾನಿ ಎದ್ದು ಆ ಪಡೆ ಒಂದು ತಿಂಗಳಿಗೇ ಮುರಿಯಿತು. ಮಧ್ಯಸ್ಥನ ಮೇಲಿನ ನಂಬಿಕೆ ಹೋದರೆ ಏನಾಗುತ್ತದೆಂದು ಅವರು ಕಣ್ಣಾರೆ ಕಂಡದ್ದು ಅಲ್ಲಿ. ಮರುವರ್ಷ, 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾಗಿ ನಮ್ಮ ಭಾಗ ಭಾರತಕ್ಕೆ ಸೇರುವಾಗ ತಿಮ್ಮಯ್ಯನವರು ಕಾಶ್ಮೀರದಲ್ಲಿದ್ದರು. ಆ ವರ್ಷ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿ ಮೀರಿದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸ ಅವರದ್ದೇ.

ಖರೇ ಪರೀಕ್ಷೆ ಬಂದದ್ದು ಕೊರಿಯಾದಲ್ಲಿ. ಮೂರು ವರ್ಷ ನಡೆದ ಯುದ್ಧ 1953ರ ಜುಲೈ 27ರಂದು ನಿಂತಿತು, ಆದರೆ ಕೈದಿಗಳ ತಂಟೆ ಉಳಿಯಿತು. ಅಮೆರಿಕದ ಕಡೆಯವರ ಕೈಯಲ್ಲಿದ್ದ 22,600ರಷ್ಟು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲಾರೆವು ಎಂದು ಕೂತರು. ಆ ಕಡೆಯೂ 359 ಮಂದಿ ಹಂಗೇ ಕೂತರು. ಇವರ ಮನಸ್ಸು ತಿಳಿಯಲು ಐದು ತಟಸ್ಥ ದೇಶಗಳ ಆಯೋಗ ಆಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷ ಭಾರತ, ಅಂದರೆ ತಿಮ್ಮಯ್ಯ. ಕೈದಿಗಳನ್ನು ಕಾಯಲು ಬರ್ಮಾ ಯುದ್ಧದ ಗೆಳೆಯ ಮೇಜರ್ ಜನರಲ್ ಥೋರಾತ್ ಸಾವಿರಾರು ಭಾರತೀಯ ಸೈನಿಕರೊಂದಿಗೆ ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೆ ಭಾರತದವರೆಂದರೆ ಕಮ್ಯುನಿಸ್ಟರ ಸ್ನೇಹಿತರು. ತನ್ನ ನೆಲದ ಮೇಲೆ ಕಾಲಿಡಗೊಡಲಿಲ್ಲ. ನಮ್ಮ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಒಯ್ದು ನಡುವಿನ ನಿಶ್ಶಸ್ತ್ರ ಪಟ್ಟಿಯಲ್ಲಿ ಇಳಿಸಬೇಕಾಯಿತು.

ಕರಾರಿನ ಪ್ರಕಾರ 90 ದಿನದೊಳಗೆ ಎರಡೂ ದೇಶದ ಪ್ರತಿನಿಧಿಗಳು ತಮ್ಮ ತಮ್ಮ ಕೈದಿಗಳಿಗೆ ತಿಳಿವಳಿಕೆ ಹೇಳಬೇಕು, ಕೈದಿ ಒಬ್ಬೊಬ್ಬನೇ ಬಂದು ಹೋಗುತ್ತೇನೆ ಅಥವಾ ಇಲ್ಲ ಎನ್ನಬೇಕು. ಆದರೆ ಶಿಬಿರದೊಳಗೆ ಪುಂಡ ಮುಖಂಡರ ದರ್ಬಾರು. ಊರಿಗೆ ಹೋಗುತ್ತೇನೆ ಅಂದವನಿಗೆ ರಾತ್ರಿ ಪೆಟ್ಟು. ಅಕ್ಟೋಬರ್ ಮೊದಲಲ್ಲಿ ಗಲಾಟೆ ಮಿತಿಮೀರಿ ನಮ್ಮ ಕಾವಲಿನವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಬಲವಂತದಿಂದಾದರೂ ಎಲ್ಲರನ್ನೂ ಎಳೆತಂದು ಕೂಡಿಸಿರಿ ಎಂಬುದು ಚೀನೀಯರ ಪಟ್ಟು. ತಿಮ್ಮಯ್ಯ ಒಪ್ಪಲಿಲ್ಲ. ಬಲ ಬಳಸಬಾರದೆಂದು ಕರಾರಿನಲ್ಲೇ ಇತ್ತು, ಬಳಸಿದ್ದರೆ ನೂರಾರು ಹೆಣ ಬೀಳುತ್ತಿದ್ದವು. ಹಂಗಂತ ಇದಕ್ಕೆ ಬೆಲೆ ಇರಲಿಲ್ಲ ಅನ್ನುವಂತಿಲ್ಲ. ಪುಂಡರಿಗೆ ಅಂಜಿ ಬಾಯಿ ಬಿಡದ ಎಷ್ಟೋ ಬಡಪಾಯಿ ಕೈದಿಗಳಿಗೆ ಮನಸ್ಸಿನ ಮಾತು ಹೇಳಲು ಆಗಲೇ ಇಲ್ಲ. ಬಹಳ ಮಂದಿಯ ಸರದಿಯೇ ಬರದೆ ಡಿಸೆಂಬರಿನಲ್ಲಿ ಗಡುವು ಮುಗಿಯಿತು.

ಆಗ ತಿಮ್ಮಯ್ಯನವರ ತೀರ್ಮಾನ ನೋಡ್ರಿ. ಗಡುವು ಬೆಳೆಸಲು ಎರಡೂ ಪಕ್ಷ ಒಪ್ಪಿಲ್ಲ, ಆದ್ದರಿಂದ ಬೆಳೆಸುವುದಿಲ್ಲ ಅಂದರು. ಇದರಿಂದ ಚೀನೀಯರಿಗೆ ಸಿಟ್ಟು. ಕೈದಿಗಳನ್ನು ಮೊದಲು ಯಾರ ವಶದಲ್ಲಿದ್ದರೋ ಅವರಿಗೇ ಒಪ್ಪಿಸುತ್ತೇವೆ, ಆದರೆ ಮಾತುಕತೆ ಆಗದೆ ಅವರನ್ನು ಬಿಡುಗಡೆ ಮಾಡಿದರೆ ಕರಾರು ಮುರಿದಂತೆ ಎಂದೂ ಅಂದರು. ಇದರಿಂದ ಅಮೆರಿಕದವರಿಗೆ ಸಿಟ್ಟು. 1954ರ ಜನವರಿ 20ರಿಂದ ಕೈದಿಗಳನ್ನು ಒಪ್ಪಿಸಿದರು. ಅಮೆರಿಕದ ಕಡೆಯವರು ಮೂರೇ ದಿನಕ್ಕೆ ಬಿಟ್ಟೂ ಬಿಟ್ಟರು. ಯಾವ ಕಡೆಯೂ ಬೇಡ ಎಂದ 88 ಮಂದಿ ನಮ್ಮ ಪಡೆಯ ಸಂಗಡ ಭಾರತಕ್ಕೆ ಬಂದರು. ಇಬ್ಬರೂ ಬೈದರು ಅಂದ ಮಾತ್ರಕ್ಕೆ ಪಂಚ ಸರಿಯಿದ್ದ ಅಂತ ಆಗುವುದಿಲ್ಲ, ಕೆಟ್ಟ ಪಂಚನನ್ನೂ ಇಬ್ಬರೂ ಬೈಯುತ್ತಾರೆ. ನಾನು ತಿಮ್ಮಯ್ಯನವರನ್ನು ಒಪ್ಪುವುದು ಕರಾರಿನ ಹಾಳೆಯೊಂದನ್ನೇ ಇಬ್ಬರ ಮುಂದೂ ಹಿಡಿದರು ಎಂಬುದಕ್ಕೆ.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆ ಮನಸ್ತಾಪವಾಗಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂತೆಗೆದುಕೊಂಡದ್ದು ಬೇರೆಯೇ ಕಥೆ.

ನಿವೃತ್ತರಾದ ಮೇಲೆ 1964ರ ಜುಲೈನಲ್ಲಿ ವಿಶ್ವಸಂಸ್ಥೆಯವರು ಸೈಪ್ರಸ್ ದ್ವೀಪದ ಶಾಂತಿಪಡೆಯನ್ನು ಅವರ ಕೈಗೆ ಕೊಟ್ಟರು. ಗ್ರೀಕರು, ತುರ್ಕರು ಒಂದೇ ಊರಿನಲ್ಲಿ ಬಾಳಿದವರು, ಕೊಲೆಗೆ ಇಳಿದಿದ್ದರು. ಹೋದ ತಿಂಗಳಿಗೇ ಕೊಕ್ಕಿನಾದಲ್ಲಿ ಕಾಳಗ ಹತ್ತಿ ಟರ್ಕಿಯ ವಿಮಾನಗಳು ಬಾಂಬು ಹಾಕಿದವು. ಶಾಂತಿಪಡೆಗೆ ಆತ್ಮರಕ್ಷಣೆಗೆ ಬಿಟ್ಟು ಗುಂಡು ಹಾರಿಸಲು ಹುಕುಂ ಇರಲಿಲ್ಲ, ಅದನ್ನು ತಡೆಯಲಾಗಲಿಲ್ಲ. ಮೇಲಾಗಿ ಭಾರತ ಸರ್ಕಾರಕ್ಕೂ ಗ್ರೀಕರ ನಾಯಕ ಮಕಾರಿಯೋಸ್‌ಗೂ ಸ್ನೇಹ. 1965ರ ಸೆಪ್ಟೆಂಬರಿನಲ್ಲಿ ಭಾರತ-ಪಾಕಿಸ್ತಾನ ಯುದ್ಧವಾದಾಗ ಟರ್ಕಿ ಪಾಕಿಸ್ತಾನದ ಬೆನ್ನಿಗೆ ನಿಂತಿತು. ಅಂಥ ದಿನಗಳಲ್ಲೂ ತುರ್ಕರ ಹಳ್ಳಿಗಳ ಕಾವಲು ಭಾರತದ ಈ ಜನರಲ್ಲರ ಹೊಣೆಯಲ್ಲೇ ಇತ್ತು.

1965ರ ಡಿಸೆಂಬರ್ 18ರಂದು ಸೈಪ್ರಸ್ಸಿನಲ್ಲೇ, ಕೆಲಸದಲ್ಲಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. 1966ರಲ್ಲಿ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅಲ್ಲಿನ ಚೀಟಿಗಳ ಮೇಲೆ ದೇಶದ ಹೆಸರು ಗ್ರೀಕ್, ತುರ್ಕಿ ಎರಡರಲ್ಲೂ ಇರುತ್ತದೆ. ಕೊರಿಯಾದ ಅನುಭವ ಕುರಿತು ಅವರು ಬರೆದಿಟ್ಟ ಪುಸ್ತಕ 1981ರಲ್ಲಿ ಅಚ್ಚಾಯಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಆ ಕಡೆ ಪ್ರವಾಸ ಹೋಗುವ ಸದಸ್ಯರು ನೋಡಿ ಬರಬಹುದು.